ಹಂಗು ಮತ್ತು ಗೆಳೆತನ

ಕನ್ನಡದಲ್ಲಿ 'ಹಂಗು' ಎಂಬ ಸಣ್ಣ ಮಾತೊಂದಿದೆ. ಆ ಮಾತಿಗೆ ಒಳ್ಳೆಯ ಹೆಸರಿಲ್ಲ. ಪರರ ಹಂಗಿನಲ್ಲಿ ಬದುಕಬಾರದು, ಹಂಗಿನ ಅನ್ನ ಉಣ್ಣಬಾರದು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮಕ್ಕಳಿಗೆ ಸ್ವಾಭಿಮಾನವನ್ನು ಕಲಿಸುವಾಗ ಮೊದಲು ಹೇಳಿಕೊಡುವ ಪಾಠವೇ ಇದು. ಈ ಪಾಠ ಸುಳ್ಳಲ್ಲ. ಆದರೆ ಎಲ್ಲ ಪಾಠಗಳಂತೆ ಇದಕ್ಕೂ ಒಂದು ಮೇರೆಯಿದೆ. ಆ ಮೇರೆ ಎಲ್ಲಿದೆಯೆಂಬುದನ್ನು ಅರವತ್ತೈದು ದಾಟಿದ ಮೇಲೆ, ಹುಟ್ಟಿದೂರನ್ನು ಬಿಟ್ಟು ಮಹಾನಗರಕ್ಕೆ ಬಂದು ತಿಳಿದುಕೊಂಡ ನಿವೃತ್ತ ಉಪಾಧ್ಯಾಯರೊಬ್ಬರ ವೃತ್ತಾಂತ ಇಲ್ಲಿದೆ. ಅವರ ಹೆಸರು ಹೇಳಬೇಕಾದ ಅಗತ್ಯವಿಲ್ಲ. ಇಂಥವರು ಇಂದು ನಗರದ ಪ್ರತಿಯೊಂದು ಬಸದಿಯ ಅಂಗಳದಲ್ಲಿಯೂ ಒಬ್ಬಿಬ್ಬರು ಕಾಣಸಿಗುತ್ತಾರೆ.

ಅವರು ಕಾರ್ಕಳ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿದವರು. 1432ರಲ್ಲಿ ಪ್ರತಿಷ್ಠಾಪನೆಗೊಂಡ ಗೊಮ್ಮಟ ನಿಂತಿರುವ ಬೆಟ್ಟವನ್ನು ನೋಡದೆ ಅವರ ಬಾಲ್ಯದ ಒಂದು ವಾರವೂ ಕಳೆದಿರಲಿಲ್ಲ. ಪೇಟೆಗೆ ಹೋದರೆ ಬಸ್ಸಿನ ಚಾಲಕನಿಂದ ಹಿಡಿದು ಜವಳಿ ಅಂಗಡಿಯ ಯಜಮಾನರವರೆಗೆ ಎಲ್ಲರೂ "ಮಾಷ್ಟ್ರೇ" ಎಂದು ಕರೆಯುವವರೇ. ಅವರು ಯಾರಿಂದಲೂ ಸಾಲ ಪಡೆದವರಲ್ಲ, ಯಾರ ಶಿಫಾರಸನ್ನೂ ಬಯಸಿದವರಲ್ಲ. "ಯಾರ ಹಂಗೂ ಇಲ್ಲದೆ ಬದುಕಿದ್ದೇನೆ" ಎಂಬುದು ಅವರು ತಮ್ಮ ಬಗ್ಗೆ ಹೇಳಿಕೊಳ್ಳುತ್ತಿದ್ದ ಒಂದೇ ಒಂದು ಹೆಮ್ಮೆಯ ಮಾತು.

2022ರ ಜೂನ್ ತಿಂಗಳಿನಲ್ಲಿ ಅವರು ಪತ್ನಿಯೊಡನೆ ಬೆಂಗಳೂರಿಗೆ ಬಂದರು. ಮಗನೂ ಸೊಸೆಯೂ ಕೆಲಸಕ್ಕೆ ಹೋಗುವವರು. ಮೊಮ್ಮಗಳಿಗೆ ಮೂರು ವರ್ಷ. ಊರಿನ ಮನೆಯಲ್ಲಿ ಇಬ್ಬರೇ ವೃದ್ಧರು. ಬರುವುದೇ ಸರಿಯೆಂದು ಎಲ್ಲರಿಗೂ ತೋರಿತು. ಜಯನಗರದಲ್ಲಿ ನಲವತ್ತೆಂಟು ಮನೆಗಳ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ಮಗನ ಮನೆ. ಬಂದ ಮರುದಿನ ಲಿಫ್ಟಿನಲ್ಲಿ ಜೊತೆಯಾದ ಯುವಕನೊಬ್ಬ ಬಹಳ ಮರ್ಯಾದೆಯಿಂದ "ಯಾವ ಫ್ಲೋರ್, ಅಂಕಲ್?" ಎಂದು ಕೇಳಿದ. ಆ ಕ್ಷಣದಲ್ಲಿ ಉಪಾಧ್ಯಾಯರಿಗೆ ತಮ್ಮ ಹೆಸರನ್ನು ಊರಿನ ಬಸ್ ನಿಲ್ದಾಣದಲ್ಲಿಯೇ ಮರೆತು ಬಂದಂತೆ ಆಯಿತು. ಆ ನಗರದಲ್ಲಿ ಅವರು ಮಾಷ್ಟ್ರಲ್ಲ. ಅಲ್ಲಿ ಓಡಾಡುವ ಅಸಂಖ್ಯ ಅಂಕಲ್‌ಗಳಲ್ಲಿ ಒಬ್ಬರು.

ಊರು ಬಿಟ್ಟು ಊರಿಗೆ ಹೋಗುವುದು ಅಪರೂಪದ ಸಂಗತಿಯೇನಲ್ಲ. 2011ರ ಜನಗಣತಿಯ ಪ್ರಕಾರ ಈ ದೇಶದಲ್ಲಿ ಮೊದಲು ವಾಸವಿದ್ದ ಸ್ಥಳವನ್ನು ಬಿಟ್ಟು ಬೇರೆಡೆ ನೆಲೆಸಿದವರ ಸಂಖ್ಯೆ ಸುಮಾರು 45 ಕೋಟಿ. ಅವರಲ್ಲಿ ಮೂರರಲ್ಲಿ ಎರಡು ಪಾಲು ಸ್ತ್ರೀಯರು, ಮತ್ತು ಸ್ತ್ರೀಯರು ಸ್ಥಳ ಬದಲಿಸಿದ ಮುಖ್ಯ ಕಾರಣ ವಿವಾಹ. ಈ ಅಂಕಿಯನ್ನು ತುಸು ನಿಧಾನವಾಗಿ ನೋಡಬೇಕು. ಅಪರಿಚಿತ ಊರಿನಲ್ಲಿ, ಅಪರಿಚಿತರ ನಡುವೆ, ಹೊಸದಾಗಿ ಆಪ್ತರನ್ನು ಗಳಿಸಿಕೊಳ್ಳುವ ವಿದ್ಯೆಯನ್ನು ಈ ದೇಶದ ಅರ್ಧದಷ್ಟು ಮನೆಗಳಲ್ಲಿ ಒಬ್ಬರು ಆಗಲೇ ಕಲಿತಿರುತ್ತಾರೆ. ಆದರೆ ಅವರನ್ನು ಯಾರೂ ಗುರುವೆಂದು ಭಾವಿಸಿ ಕೇಳುವುದಿಲ್ಲ.

ಉಪಾಧ್ಯಾಯರ ಪತ್ನಿ ಹತ್ತೊಂಬತ್ತನೆಯ ವಯಸ್ಸಿನಲ್ಲಿ ತವರು ಬಿಟ್ಟು ಬಂದವರು. ಬೆಂಗಳೂರಿಗೆ ಬಂದ ಮೂರನೆಯ ದಿನ ಅವರು ಒಂದು ಪುಟ್ಟ ಬಟ್ಟಲನ್ನು ಹಿಡಿದು ಎದುರು ಮನೆಯ ಕದ ತಟ್ಟಿದರು. ಒಂದು ಚಮಚ ಹೆಪ್ಪು ಕೇಳಿ ತಂದರು. ಗಂಡನಿಗೆ ಇದು ಸರಿತೋರಲಿಲ್ಲ. ಕೆಳಗಿನ ಅಂಗಡಿಯಲ್ಲಿಯೇ ಮೊಸರಿನ ಪೊಟ್ಟಣ ಸಿಗುವಾಗ ಗುರುತಿಲ್ಲದವರ ಮುಂದೆ ಬಟ್ಟಲು ಹಿಡಿಯುವುದು ಯಾಕೆ ಎಂದು ಗದರಿದರು. ಆಕೆ ಹಾಲಿಗೆ ಹೆಪ್ಪು ಹಾಕುತ್ತ, "ಮೊಸರಿಗಾಗಿ ಕೇಳಿದ್ದಲ್ಲ" ಎಂದಷ್ಟೇ ಹೇಳಿದರು. ಆ ಮಾತಿನ ಅರ್ಥ ಉಪಾಧ್ಯಾಯರಿಗೆ ಹೊಳೆದದ್ದು ಒಂದು ವರ್ಷದ ನಂತರ.

ಆ ಒಂದು ವರ್ಷ ಅವರು ಗೆಳೆಯರನ್ನು ಹುಡುಕಲಿಲ್ಲವೆಂದಲ್ಲ. ಅವರು ಮೊದಲು ಹುಡುಕಿದ್ದು ಸಹಜವಾಗಿಯೇ ತಮ್ಮವರನ್ನು. ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಬಸದಿಗೆ ಹೋದರು. ಅಲ್ಲಿ ಎಲ್ಲರೂ ಪ್ರೀತಿಯಿಂದಲೇ ಮಾತನಾಡಿಸಿದರು. "ಯಾವ ಊರು? ಯಾರ ಮನೆಯವರು?" ಎಂದು ಕೇಳಿ, ಎರಡು ಮೂರು ಕೊಂಡಿಗಳನ್ನು ದಾಟಿ ಹೇಗೋ ಒಂದು ಬಂಧುತ್ವವನ್ನು ಕಂಡುಹಿಡಿದು, ದೂರವಾಣಿ ಸಂಖ್ಯೆಯನ್ನೂ ಬರೆದುಕೊಂಡರು. "ಒಂದು ದಿನ ಮನೆಗೆ ಬನ್ನಿ" ಎಂದರು. ಅಷ್ಟರಲ್ಲಿ ಯಾರದೋ ಕಾರು ಇನ್ನೊಬ್ಬರ ಕಾರಿಗೆ ಅಡ್ಡವಾಗಿರುತ್ತಿತ್ತು. ಮಗಳ ಸಂಗೀತ ಪಾಠಕ್ಕೆ ಹೊತ್ತಾಗಿರುತ್ತಿತ್ತು. ಹದಿನೈದು ನಿಮಿಷಗಳಲ್ಲಿ ಅಂಗಳ ಖಾಲಿ. ಯಾರ ತಪ್ಪೂ ಇದರಲ್ಲಿರಲಿಲ್ಲ. ಆದರೂ ಆ 'ಒಂದು ದಿನ' ಯಾವ ಪಂಚಾಂಗದಲ್ಲಿಯೂ ಬರಲಿಲ್ಲ.

ಅವರು ಸಭೆಗಳಿಗೂ ಹೋದರು. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಅದಕ್ಕೆ ಕೊರತೆಯಿಲ್ಲ. ನರಸಿಂಹರಾಜ ಕಾಲೊನಿಯಲ್ಲಿ ಡಿ.ವಿ. ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಿದೆ. ಬಸವನಗುಡಿಯಲ್ಲಿ ಅದೇ ವರ್ಷ ಬಿ.ಪಿ. ವಾಡಿಯಾ ಅವರು ಆರಂಭಿಸಿದ ಭಾರತೀಯ ವಿಶ್ವ ಸಂಸ್ಕೃತಿ ಸಂಸ್ಥೆಯೂ ಅದರ ಗ್ರಂಥಾಲಯವೂ ಇವೆ. ಸಂಜೆಯ ಉಪನ್ಯಾಸಗಳಿಗೆ ಹೋಗಿ ಅವರು ಬಹಳಷ್ಟನ್ನು ತಿಳಿದುಕೊಂಡರು. ಆದರೆ ಉಪನ್ಯಾಸದಲ್ಲಿ ಕೇಳುಗರೆಲ್ಲರ ಮುಖ ವೇದಿಕೆಯ ಕಡೆಗಿರುತ್ತದೆ, ಒಬ್ಬರ ಮುಖ ಇನ್ನೊಬ್ಬರ ಕಡೆಗಿರುವುದಿಲ್ಲ. ಆರು ತಿಂಗಳಾದ ಮೇಲೆ ಅವರಿಗೆ ಹತ್ತಾರು ಜನರ ಹಿಂತಲೆ ಪರಿಚಿತವಾಗಿತ್ತು. ಒಬ್ಬರ ಹೆಸರೂ ಗೊತ್ತಿರಲಿಲ್ಲ.

ಇನ್ನು ಕಟ್ಟಡದ ಒಳಗಿನ ಮಾತು. ಆ ವರ್ಷ ನವೆಂಬರ್ 1ರಂದು ಅಂಗಳದಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ ಏರ್ಪಾಟಾಯಿತು. ಧ್ವಜಾರೋಹಣ, ಮಕ್ಕಳ ಹಾಡು, ರಾತ್ರಿ ಎಂಟೂವರೆಗೆ ಎಲ್ಲರಿಗೂ ಊಟ. ನವೆಂಬರಿನಲ್ಲಿ ಬೆಂಗಳೂರಿನ ಸೂರ್ಯ ಸಂಜೆ ಆರಕ್ಕೆ ಮೊದಲೇ ಮುಳುಗುತ್ತಾನೆ. ಉಪಾಧ್ಯಾಯ ದಂಪತಿಗಳು ಅಷ್ಟರೊಳಗೆ ಊಟ ಮುಗಿಸುವ ನಿಯಮದವರು. ಎಲೆ ಹಾಕುವ ಹೊತ್ತಿಗೆ ಅವರು ಎದ್ದು ನಿಂತರು. "ಅಂಕಲ್, ಊಟ?" ಎಂದು ಕೇಳಿದ್ದಕ್ಕೆ "ಬೇಡ" ಎಂದರು. "ಸ್ವಲ್ಪ ಪಾಯಸವಾದರೂ?" ಎಂದದ್ದಕ್ಕೂ "ಬೇಡ". ಕಾರಣ ಹೇಳಲಿಲ್ಲ, ವ್ರತವನ್ನು ಸಾರಿಕೊಂಡು ತಿರುಗುವುದು ಅವರಿಗೆ ಸರಿಬಾರದ ಸಂಗತಿ. ಯುಗಾದಿಯಂದು ಯಾರೋ ತಂದುಕೊಟ್ಟ ಒಬ್ಬಟ್ಟನ್ನೂ "ನಾವು ಹೊರಗಿನದು ತಿನ್ನುವುದಿಲ್ಲ" ಎಂದು ಬಾಗಿಲಿನಲ್ಲಿಯೇ ಹಿಂದಿರುಗಿಸಿದರು. ಮೂರನೆಯ ಮಹಡಿಯ ಅಂಕಲ್ ಬಹಳ ಬಿಗಿ ಮನುಷ್ಯ ಎಂಬ ಮಾತು ಹಬ್ಬಿತು. ಅವರು ಮನೆಯಲ್ಲಿ ಕುಳಿತು, ನಗರದ ಜನರಿಗೆ ಹೃದಯವಿಲ್ಲ ಎಂದುಕೊಂಡರು. ಒಂದೇ ಗೋಡೆಯ ಎರಡು ಬದಿಗಳಲ್ಲಿ ಎರಡು ತಪ್ಪು ತಿಳಿವಳಿಕೆಗಳು ಆರಾಮವಾಗಿ ವಾಸಿಸುತ್ತಿದ್ದವು.

2023ರ ಜುಲೈ ತಿಂಗಳ ಒಂದು ರಾತ್ರಿ, ಮಗನ ಕುಟುಂಬ ಊರಿನಲ್ಲಿಲ್ಲದಾಗ, ಪತ್ನಿಗೆ ತೀವ್ರವಾಗಿ ತಲೆ ಸುತ್ತಿ ಅವರು ಸ್ನಾನದ ಮನೆಯ ಬಳಿ ಕುಸಿದರು. ಆಗ ರಾತ್ರಿ ಒಂದು ಗಂಟೆ. ಉಪಾಧ್ಯಾಯರು ಮೊಬೈಲನ್ನು ಕೈಗೆತ್ತಿಕೊಂಡರು. ಅದರಲ್ಲಿ ನೂರಾ ಎಪ್ಪತ್ತು ಸಂಖ್ಯೆಗಳಿದ್ದವು. ಎಲ್ಲವೂ ಮುನ್ನೂರೈವತ್ತು ಕಿಲೋಮೀಟರ್ ಆಚೆಯವರದು, ಇಲ್ಲವೇ ಭಾನುವಾರದ ಹದಿನೈದು ನಿಮಿಷಗಳವರದು. ಹದಿಮೂರು ತಿಂಗಳು ವಾಸಿಸಿದ ಕಟ್ಟಡದಲ್ಲಿ ಆ ಹೊತ್ತಿನಲ್ಲಿ ಸಂಕೋಚವಿಲ್ಲದೆ ಕರೆಯಬಹುದಾದ ಒಂದು ಹೆಸರೂ ಇರಲಿಲ್ಲ. ನೆಲದ ಮೇಲೆ ಮಲಗಿಕೊಂಡೇ ಪತ್ನಿ, "ಎದುರು ಮನೆ" ಎಂದರು.

ಎದುರು ಮನೆಯವರು ಕೋಲಾರದ ಕಡೆಯವರು, ಬ್ಯಾಂಕಿನ ನೌಕರರು. ಬನಿಯನ್ನಿನಲ್ಲಿಯೇ ಓಡಿಬಂದರು. ಅವರ ಪತ್ನಿ ಸೀರೆ ಸರಿಪಡಿಸಿ, ಚೀಲಕ್ಕೆ ಬಟ್ಟೆ ತುಂಬಿ, ಔಷಧದ ಚೀಟಿಗಳನ್ನು ಹುಡುಕಿಕೊಟ್ಟರು. ಔಷಧದ ಡಬ್ಬಿ ಎಲ್ಲಿದೆಯೆಂದು ಗಂಡನಿಗಿಂತ ಆಕೆಗೇ ಚೆನ್ನಾಗಿ ಗೊತ್ತಿತ್ತೆಂಬುದು ಉಪಾಧ್ಯಾಯರ ಗಮನಕ್ಕೆ ಬಂತು. ಹೆಪ್ಪಿನ ಬಟ್ಟಲು ಆ ಒಂದು ವರ್ಷದಲ್ಲಿ ಎಷ್ಟು ಬಾರಿ ಆಚೆ ಈಚೆ ಓಡಾಡಿತ್ತೋ! ಆಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಮುಗಿದು, ಒಳಗಿವಿಯ ತೊಂದರೆಯಿಂದ ಬಂದ ತಲೆಸುತ್ತು, ಪ್ರಾಣಭಯವಿಲ್ಲ ಎಂದು ವೈದ್ಯರು ಹೇಳುವವರೆಗೆ, ಅಂದರೆ ಬೆಳಗಿನ ಜಾವ ನಾಲ್ಕು ಗಂಟೆಯವರೆಗೆ ಆ ಗೃಹಸ್ಥರು ಬೆಂಚಿನ ಮೇಲೆ ಕುಳಿತೇ ಇದ್ದರು. ಒಂಬತ್ತಕ್ಕೆ ಬ್ಯಾಂಕಿಗೆ ಹೋದರು.

ಆ ಸಂಜೆ ಉಪಾಧ್ಯಾಯರು ಮಾಡಿದ ಕೆಲಸವೇ ಈ ವೃತ್ತಾಂತದ ಮುಖ್ಯ ಭಾಗ. ಅವರು ಒಂದು ಲಕೋಟೆಯಲ್ಲಿ ಐನೂರು ರೂಪಾಯಿ ಹಾಕಿ, ಎದುರು ಮನೆಗೆ ಹೋಗಿ, "ಪೆಟ್ರೋಲಿಗೆ" ಎಂದು ಮುಂದೆ ಚಾಚಿದರು. ಆ ಗೃಹಸ್ಥರು ಲಕೋಟೆಯನ್ನು ನೋಡಿದರು, ಮುಟ್ಟಲಿಲ್ಲ. ಕೋಪದ ಮಾತನ್ನೂ ಆಡಲಿಲ್ಲ. "ಇರಲಿ ಸಾರ್" ಎಂದರು. ರಾತ್ರಿಯಿಡೀ ಮಾತನಾಡಿದ್ದ ಮನುಷ್ಯನ ಮುಖ ಆಗ ಮುಚ್ಚಿದ ಬಾಗಿಲಿನಂತೆ ಆಯಿತು. ಉಪಾಧ್ಯಾಯರು ಲಕೋಟೆಯೊಡನೆ ಹಿಂದಿರುಗಿದಾಗ ಪತ್ನಿ ಹಾಸಿಗೆಯಿಂದಲೇ ಕೇಳಿದರು: "ಊರಿನಲ್ಲಿ ಹಲಸಿನ ಹಣ್ಣು ತಂದುಕೊಟ್ಟವರಿಗೆ ನಿಮ್ಮ ಅಪ್ಪಯ್ಯ ಎಂದಾದರೂ ದುಡ್ಡು ಎಣಿಸಿಕೊಟ್ಟದ್ದುಂಟಾ?"

ಇಲ್ಲ, ಕೊಟ್ಟದ್ದಿರಲಿಲ್ಲ. ಊರಿನಲ್ಲಿ ಒಬ್ಬರ ಮನೆಯಿಂದ ಬಂದ ಪಾತ್ರೆಯನ್ನು ತೊಳೆದು ಬರಿದಾಗಿ ಕಳುಹಿಸುವ ಪದ್ಧತಿಯೇ ಇರಲಿಲ್ಲ. ನಾಲ್ಕು ತೊಂಡೆಕಾಯಿಯನ್ನೋ ಒಂದು ಅಚ್ಚು ಬೆಲ್ಲವನ್ನೋ ಹಾಕಿಯೇ ಕಳುಹಿಸಬೇಕು. ಆದರೆ ಆ ದಿನವೇ ಅಲ್ಲ, ಅಷ್ಟೇ ಬೆಲೆಯದೂ ಅಲ್ಲ. ಅವರಿಗೆ ಇವರು ಸ್ವಲ್ಪ ಬಾಕಿ, ಇವರಿಗೆ ಅವರು ಸ್ವಲ್ಪ ಬಾಕಿ. ಆ ಬಾಕಿಯೇ ನಾಳೆ ಮತ್ತೆ ಒಬ್ಬರ ಅಂಗಳವನ್ನು ಇನ್ನೊಬ್ಬರು ತುಳಿಯುವುದಕ್ಕೆ ಕಾರಣ. ಯಾರ ಹಂಗೂ ಇಲ್ಲದೆ ಬದುಕಿದ್ದೇನೆ ಎಂದು ಜೀವನವಿಡೀ ಹೇಳಿಕೊಂಡ ವ್ಯಕ್ತಿ ನಿಜವಾಗಿ ಬದುಕಿದ್ದು ಇಡೀ ಊರಿನ ಹಂಗಿನಲ್ಲಿ. ಅದು ಗಾಳಿಯಂತೆ ಸುತ್ತಲೂ ಇದ್ದುದರಿಂದ ಅವರ ಕಣ್ಣಿಗೆ ಬಿದ್ದಿರಲಿಲ್ಲ. ನಗರಕ್ಕೆ ಬಂದ ಮೇಲೆ ಎಲ್ಲಕ್ಕೂ ಹಣ ಕೊಟ್ಟರು: ಹಾಲಿಗೆ, ಆಟೋಕ್ಕೆ, ನಲ್ಲಿ ರಿಪೇರಿಗೆ. ಎಲ್ಲಿಯೂ ಬಾಕಿ ಉಳಿಯಲಿಲ್ಲ. ಆದ್ದರಿಂದ ಯಾರೂ ಉಳಿಯಲಿಲ್ಲ. ಲೆಕ್ಕ ಚುಕ್ತಾ ಆದಲ್ಲಿ ಸಂಬಂಧವೂ ಚುಕ್ತಾ ಆಗುತ್ತದೆ ಎಂಬುದನ್ನು ಮೂವತ್ತೊಂದು ವರ್ಷ ಲೆಕ್ಕ ಕಲಿಸಿದವರು ಆ ಸಂಜೆ ಕಲಿತರು.

ದಾನದ ಮಹಿಮೆಯನ್ನು ಕೇಳದ ಜೈನ ಮನೆತನವಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಮಕ್ಕಳೂ ಹೇಳಬಲ್ಲರು. ಆದರೆ ಪ್ರತಿಯೊಂದು ದಾನಕ್ಕೂ ಎರಡು ಕೈಗಳು ಬೇಕೆಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಎಲ್ಲವನ್ನೂ ತ್ಯಜಿಸಿದ ದಿಗಂಬರ ಮುನಿ ದಿನಕ್ಕೊಮ್ಮೆ ಶ್ರಾವಕನ ಮನೆಯ ಮುಂದೆ ನಿಂತು ತನ್ನ ಅಂಜಲಿಯಲ್ಲಿ ಆಹಾರವನ್ನು ಸ್ವೀಕರಿಸುತ್ತಾನೆ. ಅತ್ಯಂತ ಸ್ವತಂತ್ರನಾದವನೇ ಪ್ರತಿದಿನ ಇನ್ನೊಬ್ಬರ ಕೈಯನ್ನು ಅವಲಂಬಿಸುತ್ತಾನೆ, ಮತ್ತು ಅದರಿಂದ ಅವನ ಘನತೆ ಕುಂದುವುದಿಲ್ಲ. ಹಾಗಿರುವಾಗ ಕೊಡುವುದನ್ನು ಮಾತ್ರ ಧರ್ಮವೆಂದೂ ಪಡೆಯುವುದನ್ನು ಅವಮಾನವೆಂದೂ ತಿಳಿಯುವ ಗೃಹಸ್ಥನ ಮನಸ್ಸಿನಲ್ಲಿ ಸ್ವಾಭಿಮಾನದ ವೇಷದಲ್ಲಿ ಮಾನಕಷಾಯವೇ ಕುಳಿತಿರಬಹುದಲ್ಲವೇ? ಲಕೋಟೆಯಲ್ಲಿದ್ದದ್ದು ಕೃತಜ್ಞತೆಯಲ್ಲ, ಬಿಡುಗಡೆಯ ಆತುರ ಎಂಬುದು ಉಪಾಧ್ಯಾಯರಿಗೆ ಹೊಳೆದದ್ದು ಹೀಗೆ ಯೋಚಿಸಿದಾಗ.

ಮರುದಿನ ಅವರು ಬರಿಗೈಯಲ್ಲಿ ಎದುರು ಮನೆಗೆ ಹೋದರು. ತಪ್ಪಾಯಿತೆಂದು ಹೇಳಿದರು. ಅನಂತರ, ಬಹುಶಃ ಜೀವನದಲ್ಲಿ ಮೊದಲ ಬಾರಿಗೆ, ಒಂದು ಸಹಾಯ ಕೇಳಿದರು: ಮೊಬೈಲಿನಲ್ಲಿ ಹಣ ಕಳುಹಿಸುವುದನ್ನು ಕಲಿಸಿಕೊಡಬೇಕು. ಮಗನನ್ನು ಕೇಳಿದರೆ ಅವನು ತಾನೇ ಮಾಡಿಬಿಡುತ್ತಾನೆ, ಕಲಿಸುವುದಿಲ್ಲ ಎಂದರು. ಗೃಹಸ್ಥರು ನಕ್ಕರು, ಬಾಗಿಲು ಮತ್ತೆ ತೆರೆಯಿತು. ಕುಳಿತ ಮೇಲೆ ಕಾಫಿ ಬಂತು. ಅದು ಮಾಂಸಾಹಾರಿಗಳ ಮನೆ, ಹೊತ್ತೂ ಮುಳುಗಿತ್ತು. ಈ ಸಲ ಉಪಾಧ್ಯಾಯರು ಬರೀ 'ಬೇಡ' ಎನ್ನಲಿಲ್ಲ. ತಮ್ಮ ನಿಯಮ ಏನು, ಯಾಕೆ ಎಂಬುದನ್ನು ನಾಲ್ಕು ಮಾತುಗಳಲ್ಲಿ ಹೇಳಿ, "ಊಟ ತಿಂಡಿ ಮಾಡಲಾರೆ, ಆದರೆ ಕುಳಿತು ಮಾತನಾಡಬಲ್ಲೆ" ಎಂದರು. ಮನೆಯಾಕೆ, "ಇದನ್ನ ಮೊದಲೇ ಹೇಳಬಾರದಿತ್ತಾ ಸಾರ್? ನಾವು ಏನೇನೋ ಅಂದ್ಕೊಂಡಿದ್ವಿ" ಎಂದರು. ಮುಂದಿನ ವಾರದಿಂದ ಹಗಲಿನ ಹೊತ್ತು ಅವರು ಹೋದರೆ ಅಲ್ಲಿ ಒಂದು ಎಳನೀರು ಕಾದಿರುತ್ತಿತ್ತು. ವ್ರತವು ನಾಲಗೆಗೆ ಸಂಬಂಧಿಸಿದ್ದು, ಹೊಸ್ತಿಲು ದಾಟುವ ಕಾಲಿಗಲ್ಲ. ಅನ್ನವನ್ನು ನಿರಾಕರಿಸುವಾಗ ಮನುಷ್ಯನನ್ನೂ ನಿರಾಕರಿಸಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ.

ಆ ಮಳೆಗಾಲದಲ್ಲಿಯೇ ಅವರು ದಿನಪತ್ರಿಕೆಯೊಂದರಲ್ಲಿ ಒಂದು ಸಂಶೋಧನೆಯ ವಿವರ ಓದಿದರು. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೆಫ್ರಿ ಹಾಲ್ ಅವರು ಹೊಸ ಊರಿಗೆ ಬಂದು ನೆಲೆಸಿದವರನ್ನೂ ಕಾಲೇಜಿಗೆ ಹೊಸದಾಗಿ ಸೇರಿದವರನ್ನೂ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದ ಫಲಿತಾಂಶವದು. ಪರಿಚಿತರು ಸಾಮಾನ್ಯ ಸ್ನೇಹಿತರಾಗಲು ಒಟ್ಟಿಗೆ ಕಳೆದ ಸುಮಾರು 50 ಗಂಟೆಗಳು ಬೇಕು, ಗೆಳೆಯರೆನಿಸಲು 90, ಆಪ್ತಮಿತ್ರರಾಗಲು 200ಕ್ಕೂ ಹೆಚ್ಚು. ಕಚೇರಿಯಲ್ಲಿ ಅನಿವಾರ್ಯವಾಗಿ ಜೊತೆಗಿದ್ದ ಕಾಲ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಬಿಡುವಿನಲ್ಲಿ ಇಷ್ಟಪಟ್ಟು ಕಳೆದ ಕಾಲವೇ ಫಲ ಕೊಡುವುದು. ಗಣಿತದ ಉಪಾಧ್ಯಾಯರು ಸುಮ್ಮನಿರುವರೇ? ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಭಾನುವಾರ ಬಸದಿಯ ಅಂಗಳದಲ್ಲಿ 15 ನಿಮಿಷವೆಂದರೆ ವರ್ಷಕ್ಕೆ 13 ಗಂಟೆ. ಆ ವೇಗದಲ್ಲಿ ಸಾಮಾನ್ಯ ಸ್ನೇಹಕ್ಕೆ ಸುಮಾರು 4 ವರ್ಷ, ಆಪ್ತಮೈತ್ರಿಗೆ 15 ವರ್ಷ! ಅದೇ ದಿನಕ್ಕೊಂದು ಗಂಟೆಯಂತೆ ವಾರಕ್ಕೆ ಆರು ದಿನ ಕಳೆದರೆ ಎರಡು ತಿಂಗಳಲ್ಲಿ 50 ಗಂಟೆ, ಎಂಟು ತಿಂಗಳಲ್ಲಿ 200. ಬಸದಿಯ ಜನರಲ್ಲಿ ಪ್ರೀತಿಯಿರಲಿಲ್ಲವೆಂದಲ್ಲ, ಗಂಟೆಗಳಿರಲಿಲ್ಲ ಎಂದು ತಿಳಿದಾಗ ಅವರ ಮನಸ್ಸಿನಲ್ಲಿ ಒಂದು ವರ್ಷದಿಂದ ಕುಳಿತಿದ್ದ ಅಸಮಾಧಾನ ಕರಗಿತು.

ಅನಂತರ ಅವರು ಲಾಲ್‌ಬಾಗಿಗೆ ಹೋಗಲಾರಂಭಿಸಿದರು. 1760ರಲ್ಲಿ ಹೈದರಾಲಿ ಆರಂಭಿಸಿದ, ಈಗ 240 ಎಕರೆ ವಿಸ್ತಾರದ ಆ ತೋಟಕ್ಕೆ ಪ್ರತಿ ಮುಂಜಾನೆ ಸಾವಿರಾರು ಜನರು ನಡೆಯಲು ಬರುತ್ತಾರೆ. ಮೊದಲೂ ಅವರು ಹೋಗಿದ್ದರು, ಆದರೆ ಮನಸ್ಸು ಬಂದ ಹೊತ್ತಿಗೆ, ಮನಸ್ಸು ಬಂದ ದಾರಿಯಲ್ಲಿ. ಈಗ ಒಂದೇ ಬಾಗಿಲು, ಒಂದೇ ಹೊತ್ತು, ಒಂದೇ ಸುತ್ತು. ಕೆಂಪೇಗೌಡರ ಗೋಪುರವಿರುವ, ಸುಮಾರು 300 ಕೋಟಿ ವರ್ಷ ವಯಸ್ಸಿನ ಬಂಡೆಯ ಮೇಲೆ ದಿನವೂ ನಾಲ್ವರು ವೃದ್ಧರು ಕುಳಿತಿರುತ್ತಿದ್ದರು. ಮೊದಲ ವಾರ ತಲೆಯಾಡಿಸುವುದು, ಎರಡನೆಯ ವಾರ "ನಿನ್ನೆ ಮಳೆ ಜೋರು" ಎನ್ನುವುದು, ಮೂರನೆಯ ವಾರ ಕುಳಿತುಕೊಳ್ಳಲು ಒಬ್ಬರು ಸ್ವಲ್ಪ ಸರಿದದ್ದು. ಒಬ್ಬರು ರೈಲ್ವೆಯಲ್ಲಿದ್ದವರು, ಒಬ್ಬರು ಹೂವಿನ ವ್ಯಾಪಾರಿ, ಒಬ್ಬರು ತಮಿಳು ಮನೆಮಾತಿನವರು, ಒಬ್ಬರಿಗೆ ಕಿವಿ ಮಂದ. ಯಾವ ಊರು, ಯಾರ ಮನೆಯವರು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಒಂದು ದಿನ ಹೂವಿನ ವ್ಯಾಪಾರಿ ಬಡ್ಡಿಯ ಲೆಕ್ಕವೊಂದನ್ನು ಬಿಡಿಸಿಕೊಡಲು ಕೇಳಿದರು. ಇವರು ನೆಲದ ಮೇಲೆ ಕಡ್ಡಿಯಿಂದ ಗೀಚಿ ಬಿಡಿಸಿದರು. "ಓ, ನೀವು ಮೇಷ್ಟ್ರು!" ಎಂದರು ಅವರು. ಕರಾವಳಿಯ 'ಮಾಷ್ಟ್ರು' ಬೆಂಗಳೂರಿನಲ್ಲಿ 'ಮೇಷ್ಟ್ರು' ಆಗಿ ಮರಳಿ ಬಂದದ್ದು ಹೀಗೆ.

ಆ ಮೇಷ್ಟ್ರುತನ ಕಟ್ಟಡಕ್ಕೂ ತಲುಪಿತು. ಎದುರು ಮನೆಯ ಮಗಳಿಗೆ ಬೀಜಗಣಿತವೆಂದರೆ ಭಯ. ಅವಳೊಬ್ಬಳಿಗೆ ಆರಂಭಿಸಿದ ಶನಿವಾರದ ಪಾಠಕ್ಕೆ ಈಗ ಏಳು ಮಕ್ಕಳು ಬರುತ್ತಾರೆ. ಶುಲ್ಕವಿಲ್ಲ. ಆದರೆ ಮಕ್ಕಳ ತಂದೆತಾಯಿಗಳು ಏನಾದರೂ ಮಾಡಲು ಮುಂದಾದರೆ ಅವರು ಹಿಂದಿನಂತೆ 'ಬೇಡ' ಎನ್ನುವುದಿಲ್ಲ. ಒಬ್ಬರು ತಿಂಗಳಿಗೊಮ್ಮೆ ಬಸದಿಗೆ ಕಾರಿನಲ್ಲಿ ಕರೆದೊಯ್ಯುತ್ತಾರೆ; ಇನ್ನೊಬ್ಬರು ಗ್ರಂಥಾಲಯದಿಂದ ಪುಸ್ತಕ ತರುತ್ತಾರೆ. ಕಳೆದೆರಡು ವರ್ಷಗಳಿಂದ ಆ ಕಟ್ಟಡದ ರಾಜ್ಯೋತ್ಸವದ ಉಪಾಹಾರ ಸಂಜೆ ನಾಲ್ಕೂವರೆಗೆ. ಹೊತ್ತು ಬದಲಿಸಬೇಕೆಂದು ಉಪಾಧ್ಯಾಯರು ಕೇಳಿರಲಿಲ್ಲ. ಎದುರು ಮನೆಯಾಕೆ ಸಭೆಯಲ್ಲಿ ಪ್ರಸ್ತಾಪಿಸಿದರು. ಸಣ್ಣ ಮಕ್ಕಳಿರುವ ಮನೆಯವರೆಲ್ಲ ಅದನ್ನೇ ಬಯಸುತ್ತಿದ್ದರಂತೆ, ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಒಮ್ಮೆ ಜ್ವರದಿಂದ ಅವರು ಮೂರು ದಿನ ನಡೆಯಲು ಹೋಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಏಳಕ್ಕೆ ಫೋನು ಬಂತು. "ಏನ್ ಮೇಷ್ಟ್ರೇ, ಪತ್ತೇನೇ ಇಲ್ಲ? ಬಂಡೆ ಮೇಲೆ ನಿಮ್ಮ ಜಾಗ ಖಾಲಿ ಇದೆ" ಎಂದಿತು ಅತ್ತ ಕಡೆಯ ದನಿ. ಫೋನಿಟ್ಟ ಮೇಲೆ ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಒಂದು ಊರು ತನ್ನದಾಗುವುದು ಅಲ್ಲಿ ಮನೆಯಾದಾಗಲ್ಲ, ಪಡಿತರ ಚೀಟಿಯಾದಾಗಲೂ ಅಲ್ಲ. ಬಾರದಿದ್ದರೆ ಯಾರಾದರೂ ಎಣಿಸುವವರಿದ್ದಾಗ.

ಇದು ಒಬ್ಬ ವೃದ್ಧರ ಕಥೆ ಮಾತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆ ನೇಮಿಸಿದ ಆಯೋಗವೊಂದು 2025ರ ಜೂನ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. ಅದಕ್ಕೆ ಸಂಬಂಧಿಸಿದ ಸಾವುಗಳು ಗಂಟೆಗೆ ಸುಮಾರು 100 ಎಂದು ಆ ವರದಿ ಅಂದಾಜು ಮಾಡಿದೆ. ಈ ನೋವು ವೃದ್ಧರಿಗೆ ಮಾತ್ರ ಮೀಸಲಲ್ಲ. ಹದಿಹರೆಯದವರಲ್ಲಿಯೇ ಅದು ಹೆಚ್ಚು ಎಂಬುದು ಅದೇ ವರದಿಯ ಮಾತು. ಓದಿಗೆಂದೋ ಉದ್ಯೋಗಕ್ಕೆಂದೋ ಬೆಳಗಾವಿಯಿಂದ, ಹುಂಚದಿಂದ, ಮೂಡುಬಿದಿರೆಯಿಂದ ನಗರಕ್ಕೆ ಬಂದು ಬಾಡಿಗೆ ಕೋಣೆಯಲ್ಲಿ ಇರುವ ಮಕ್ಕಳಿಗೆ ಸೂರ್ಯಾಸ್ತದ ಮೊದಲಿನ ಊಟವೂ ಕಷ್ಟ, ಊಟದ ಜೊತೆಗಾರರೂ ಕಷ್ಟ. ನಿಯಮ ಉಳಿಸಿಕೊಂಡರೆ ಸ್ನೇಹಿತರಿಲ್ಲ, ಸ್ನೇಹಿತರನ್ನು ಉಳಿಸಿಕೊಂಡರೆ ನಿಯಮವಿಲ್ಲ ಎಂಬ ಇಕ್ಕಟ್ಟಿನಲ್ಲಿ ಅವರಲ್ಲಿ ಅನೇಕರು ಮೊದಲು ಒಂದನ್ನು, ಆಮೇಲೆ ಎರಡನ್ನೂ ಕಳೆದುಕೊಳ್ಳುತ್ತಾರೆ.

ಆದ್ದರಿಂದ ಬಸದಿಗಳ ಆಡಳಿತ ಮಂಡಳಿಗಳು ಯೋಚಿಸಬೇಕಾದ ಸಂಗತಿಯೊಂದಿದೆ. ಹೊಸಬರನ್ನು ಸ್ವಾಗತಿಸುವ ಫಲಕ, ವರ್ಷಕ್ಕೊಮ್ಮೆಯ ಸಮ್ಮೇಳನ, ಶಾಲು ಹಾರಗಳಿಂದ ಪರಿಚಯವಾಗುತ್ತದೆ, ಗೆಳೆತನವಾಗುವುದಿಲ್ಲ. ಗೆಳೆತನಕ್ಕೆ ಗಂಟೆಗಳು ಬೇಕು, ಮತ್ತು ಆ ಗಂಟೆಗಳಲ್ಲಿ ಮಾಡಲು ಒಂದು ಕೆಲಸ ಬೇಕು. ಭಾನುವಾರದ ಪೂಜೆಯ ನಂತರ ಒಂದು ಗಂಟೆ ಅಂಗಳದಲ್ಲಿ ಕುಳಿತುಕೊಳ್ಳಲು ಚಾಪೆಯಿರಲಿ, ಬಿಸಿ ಕಷಾಯವಿರಲಿ. ವಾರಕ್ಕೊಂದು ದಿನ ಸಂಜೆ ಐದು ಗಂಟೆಗೆ ಹೊರಗಿನಿಂದ ಬಂದ ವಿದ್ಯಾರ್ಥಿಗಳಿಗೆ ಊಟವಿರಲಿ. ಅವರ ಸಹಪಾಠಿಗಳಿಗೂ, ಅವರು ಯಾವ ಮತದವರೇ ಆಗಿರಲಿ, ಅಲ್ಲಿ ಎಲೆಯಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಹೊಸದಾಗಿ ಬಂದವರನ್ನು "ಏನಾದರೂ ಬೇಕೇ?" ಎಂದು ಕೇಳುವುದಕ್ಕಿಂತ "ಒಂದು ಸಹಾಯ ಮಾಡುವಿರಾ?" ಎಂದು ಕೇಳುವುದು ಒಳ್ಳೆಯದು. ಬೇಕೇ ಎಂದು ಕೇಳಿದರೆ ಸ್ವಾಭಿಮಾನಿಗಳು ಬೇಡವೆನ್ನುತ್ತಾರೆ. ಹೂ ಕಟ್ಟಲು, ಲೆಕ್ಕ ಬರೆಯಲು, ಮಕ್ಕಳಿಗೆ ಹೇಳಿಕೊಡಲು, ಹಳೆಯ ಪುಸ್ತಕಗಳನ್ನು ಜೋಡಿಸಲು ಕರೆದರೆ ಇಲ್ಲವೆನ್ನುವವರು ಕಡಿಮೆ. ಹೊಸಬರು ಮುಂದಿನ ವಾರವೂ ಬರುವುದು ಅಲ್ಲಿ ತಮ್ಮ ಕೆಲಸವೊಂದು ಬಾಕಿಯಿದೆ ಎಂಬ ಕಾರಣಕ್ಕೆ.

ಹೊಸ ಊರಿಗೆ ಬಂದವರು ಕೂಡ ತಾವಾಗಿ ಒಂದು ಹೆಜ್ಜೆ ಇಡಬೇಕು. ಕೊಡುವುದು ಸುಲಭ, ಅದರಲ್ಲಿ ಕೈ ಮೇಲಿರುತ್ತದೆ. ಕೇಳುವಾಗ ಕೈ ಕೆಳಗಾಗುತ್ತದೆ, ಆದ್ದರಿಂದಲೇ ಅದಕ್ಕೆ ಹೆಚ್ಚು ವಿನಯ ಬೇಕು. ಉಪಾಧ್ಯಾಯರ ಮನೆಯಲ್ಲಿ ಐನೂರು ರೂಪಾಯಿಯ ಆ ಲಕೋಟೆ ಈಗಲೂ ಪಂಚಾಂಗದ ನಡುವೆ ಹಾಗೆಯೇ ಇದೆ. ಅವರು ಅದನ್ನು ಖರ್ಚು ಮಾಡಿಲ್ಲ. ಹೆಪ್ಪಿನ ಬಟ್ಟಲು ಮಾತ್ರ ಒಂದೆಡೆ ನಿಂತಿಲ್ಲ. ಮೊನ್ನೆ ಎದುರು ಮನೆಯ ಹುಡುಗಿ ಅದನ್ನು ಹಿಡಿದು ಬಂದಾಗ ಬಾಗಿಲು ತೆರೆದವರು ಉಪಾಧ್ಯಾಯರೇ. ಕೆಳಗಿನ ಅಂಗಡಿಯಲ್ಲಿ ಮೊಸರು ಸಿಗುತ್ತದೆ ಎಂದು ಅವರು ಹೇಳಲಿಲ್ಲ. ಒಳಗೆ ಹೋಗಿ ಒಂದು ಚಮಚ ಹೆಪ್ಪು ಹಾಕಿ ತಂದುಕೊಟ್ಟರು.